ಎಲ್ಲಿ ಮುರಿಯಬೇಕು ಎಂಬ ಪ್ರಶ್ನೆ

ಮೊದಲು ಕೇಳಿದ್ದು ಸದ್ದು. ಒಣ ಸೌದೆಯನ್ನು ಮೊಣಕಾಲಿಗೆ ಒತ್ತಿ ಮುರಿದರೆ ಬರುವಂಥದು. ಗಾಡಿಯ ಎಡ ಮುಂಚಕ್ರ ಮೊಣಕಾಲೆತ್ತರದ ಬಂಡೆಗೆ ಮುಖ ಕೊಟ್ಟು ನಿಂತಿತ್ತು. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿತ್ತು. ಇನ್ನೊಂದು ಚೂರು ಆಕ್ಸಿಲರೇಟರ್ ಕೊಟ್ಟರೆ ಹತ್ತಿಬಿಡುತ್ತದೆ ಅಂದುಕೊಂಡೆ, ಕೊಟ್ಟೆ. ಹತ್ತಲಿಲ್ಲ. ಸದ್ದು ಬಂತು, ಆ ಚಕ್ರ ಎಳೆಯುವುದನ್ನೇ ಬಿಟ್ಟಿತು. ಮೆಲ್ಲಗೆ ಹಿಂದಕ್ಕೆ ಬಿಟ್ಟರೆ ಹಬ್ಬಿನ ಒಳಗಿಂದ ಕಟಕಟ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ.

ಮುರಿದದ್ದು ಮುಂದಿನ ಆಕ್ಸಲ್ ಶಾಫ್ಟಿನ ತುದಿಯ ಜಾಯಿಂಟು. ಚಕ್ರ ತಿರುಗುತ್ತಲೇ ಇರಬೇಕು, ಜೊತೆಗೆ ಎಡಕ್ಕೂ ಬಲಕ್ಕೂ ಹೊರಳಬೇಕು. ಈ ಎರಡು ಕೆಲಸವನ್ನು ಒಟ್ಟಿಗೆ ಮಾಡಿಸುವುದು ಇದೇ. ಹೊರಗೊಂದು ಗಂಟೆಯಾಕಾರದ ಬಟ್ಟಲು, ಒಳಗೊಂದು ನಕ್ಷತ್ರ, ನಡುವೆ ಪಂಜರದಲ್ಲಿ ಕೂತ ಆರು ಉಕ್ಕಿನ ಗುಂಡುಗಳು. ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಕಂಡುಹಿಡಿದ ವಿನ್ಯಾಸ. ಎರಡನೇ ಮಹಾಯುದ್ಧದ ಜೀಪುಗಳಲ್ಲೂ ಇದು ಓಡಿದೆ, ಈಗಿನ ಮುಂಚಕ್ರ ಎಳೆಯುವ ಕಾರುಗಳಲ್ಲೂ ಇದರ ಸಂತತಿಯೇ ಇದೆ. ಅದು ನೇರವಾಗಿದ್ದಾಗ ಆರೂ ಗುಂಡುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕೋನ ಹೆಚ್ಚುತ್ತದೆ, ಭಾರ ಸಮನಾಗಿ ಹಂಚಿಹೋಗುವುದಿಲ್ಲ, ಬಟ್ಟಲಿನ ಅಂಚಿನ ಮೇಲೆ ಒತ್ತಡ ಬೀಳುತ್ತದೆ. ಆಗ ಹೆಚ್ಚು ಬಲ ಕೊಟ್ಟರೆ ಬಟ್ಟಲು ಸೀಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ.

ಅವತ್ತು ಬದಲಿ ಶಾಫ್ಟು ಇರಲಿಲ್ಲ. ಚಕ್ರ ಬಿಚ್ಚಿ, ಬ್ರೇಕ್ ಬಿಚ್ಚಿ, ಹಬ್ ಬಿಚ್ಚಿ, ಒಡೆದ ತುಂಡುಗಳನ್ನು ಆಯಸ್ಕಾಂತ ಇಟ್ಟು ಒಂದೊಂದಾಗಿ ಹೆಕ್ಕಿ ತೆಗೆದೆ. ಒಂದು ಗುಂಡು ಒಳಗೇ ಉಳಿದರೂ ಸ್ಟೀರಿಂಗ್ ಕಚ್ಚಿಕೊಳ್ಳುವ ಭಯ. ಈ ಬಗೆಯ ಹಳೇ ಗಾಡಿಗಳಲ್ಲಿ ಚಕ್ರದ ಭಾರ ಹೊರುವುದು ಶಾಫ್ಟಲ್ಲ, ಅದರ ಸುತ್ತಲಿನ ಟೊಳ್ಳು ಸ್ಪಿಂಡಲ್. ಹಾಗಾಗಿ ಶಾಫ್ಟನ್ನೇ ತೆಗೆದಿಟ್ಟು, ಚಕ್ರ ಮತ್ತೆ ಜೋಡಿಸಿ, ಹಿಂದಿನ ಎರಡು ಚಕ್ರಗಳ ಎಳೆತದಲ್ಲೇ ಕತ್ತಲಾಗುವ ಹೊತ್ತಿಗೆ ಹೇಗೋ ಹೊರಬಿದ್ದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಪ್ರಶ್ನೆ: ಇದರ ಬದಲಿಗೆ ಯಾವುದನ್ನು ಹಾಕಿಸಿದರೆ ಇನ್ನೆಂದೂ ಮುರಿಯುವುದಿಲ್ಲ? ಆ ಪ್ರಶ್ನೆಯೇ ತಪ್ಪು ಎಂದು ಅರ್ಥವಾಗಲು ಇನ್ನೆರಡು ವರ್ಷ, ಒಂದಿಷ್ಟು ಕಬ್ಬಿಣ ಬೇಕಾಯಿತು.

ಈ ಗಾಡಿ ನನ್ನ ಕೈಗೆ ಬಂದಾಗಲೇ ಮುದಿಯಾಗಿತ್ತು. ಪುಟ್ಟ ಗಾಡಿ. ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಪಾಟಾ ಸ್ಪ್ರಿಂಗು, ಕಾರ್ಬುರೇಟರ್ ಎಂಜಿನ್. ಕಂಪ್ಯೂಟರ್ ಎಂಬುದು ಇಲ್ಲವೇ ಇಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ, ಆ ಕಾಲದ ಸಣ್ಣ ಜೀಪುಗಳ ಹೊಟ್ಟೆಯಡಿ ಇಣುಕಿದವರಿಗೆ ಎಲ್ಲವೂ ಅಣ್ಣತಮ್ಮಂದಿರೇ. ಕಲ್ಲು ದಾರಿಯ ಹುಚ್ಚು ಆಗಷ್ಟೇ ಹತ್ತಿತ್ತು. ದೊಡ್ಡ ಟಯರು, ಎತ್ತರದ ನಿಲುವು, ಮುಂದೊಂದು ಕಬ್ಬಿಣದ ಬಂಪರು: ಚಿತ್ರ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಗಾಡಿ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವ ವ್ಯವಧಾನ ಮಾತ್ರ ಇರಲಿಲ್ಲ.

ಅದು ಹೇಳುತ್ತಲೇ ಇತ್ತು. ಒಂದು ವೇಗ ದಾಟಿ, ರಸ್ತೆಯ ಸಣ್ಣ ಗುಂಡಿಗೆ ಚಕ್ರ ಬಿದ್ದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಪೂರ್ತಿ ನಿಲ್ಲಿಸುವ ತನಕ ನಿಲ್ಲದ ನಡುಕ. ಯಾರೋ ಸ್ಟೀರಿಂಗ್ ಡ್ಯಾಂಪರ್ ಹೋಗಿದೆ ಎಂದರು, ಹೊಸದು ಹಾಕಿದೆ. ಎರಡು ವಾರ ಸುಮ್ಮನಿತ್ತು, ಮತ್ತೆ ಶುರು. ಚಕ್ರ ಬ್ಯಾಲೆನ್ಸ್ ಮಾಡಿಸಿದೆ. ಎಡಬಲ ಚಕ್ರಗಳನ್ನು ಜೊತೆಗೂಡಿಸುವ ಟೈ ರಾಡ್ ಸರಳಿನ ತುದಿಗಳನ್ನು ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಒಂದೊಂದೇ ಭಾಗಕ್ಕೆ ಬರೆ ಎಳೆಯುತ್ತ ಹೋದೆ. ಕಡೆಗೊಂದು ದಿನ ಮುಂದಿನ ಆಕ್ಸಲ್ಲನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಟೈ ರಾಡ್ ಕಳಚಿ, ಚಕ್ರ ಕೂರುವ ನಕಲ್ಲನ್ನು ಬರಿಗೈಯಲ್ಲಿ ಎಡಬಲ ತಿರುಗಿಸಿ ನೋಡಿದೆ. ನಡುವಿಗೆ ಬಂದಾಗ ಅದು ತಾನಾಗಿ ಕುಳಿಯಲ್ಲಿ ಕೂತಂತೆ ನಿಲ್ಲುತ್ತಿತ್ತು. ಅಲ್ಲಿಂದ ಹೊರಡಿಸಲು ಸ್ವಲ್ಪ ಬಲ ಬೇಕು, ಆಮೇಲೆ ಸಲೀಸು.

ಕಿಂಗ್‌ಪಿನ್ ಬೇರಿಂಗ್, ಅಂದರೆ ನಕಲ್ ಎಡಬಲ ಹೊರಳುವ ಕೀಲಿನ ಬೇರಿಂಗ್. ಯಾವ ಗಾಡಿಯೂ ತನ್ನ ಆಯುಷ್ಯದ ಬಹುಪಾಲು ನೆಟ್ಟಗೆ ಓಡುತ್ತದೆ. ಹಾಗಾಗಿ ಬೇರಿಂಗಿನ ಉರುಳೆಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕುಟ್ಟಿಸಿಕೊಂಡು, ಆ ಜಾಗದಲ್ಲೇ ಬೇರಿಂಗಿನ ಹೊರಬಳೆಯ ಮೇಲೆ ಸಾಲು ಸಾಲು ಗೀರು ಮೂಡಿಸುತ್ತವೆ. ಬಿಚ್ಚಿ ನೋಡಿದಾಗ ಆ ಗೀರುಗಳು ಉಗುರಿಗೆ ಸಿಗುವಷ್ಟು ಆಳವಿದ್ದವು. ಹೊಸ ಬೇರಿಂಗ್ ಹಾಕಿ, ಕಾಗದದಷ್ಟು ತೆಳ್ಳನೆಯ ಶಿಮ್‌ಗಳನ್ನು ಕೊಟ್ಟು ತೆಗೆದು, ನಕಲ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಕೈಪಿಡಿ ಹೇಳಿದಷ್ಟು ಬಿಗಿ ಬರುವ ತನಕ ಕೂತೆ. ಒಂದು ಇಡೀ ದಿನ ಹೋಯಿತು. ನಡುಕ ಅವತ್ತಿಗೆ ಹೋದದ್ದು ಇವತ್ತಿಗೂ ಬಂದಿಲ್ಲ.

ಆಗಲೇ ಇನ್ನೊಂದನ್ನೂ ಕಂಡಿದ್ದೆ. ನಕಲ್ಲಿನೊಳಗೆ ಗ್ರೀಸ್ ಇರಬೇಕಾದ ಕಡೆ ಕಪ್ಪು ಸಾರಿನಂಥ ದ್ರವ. ಒಳಗಿನ ಆಯಿಲ್ ಸೀಲ್ ಹರಿದು, ಆಕ್ಸಲ್ಲಿನೊಳಗೆ ಕೂತು ಎರಡೂ ಚಕ್ರಕ್ಕೆ ಬಲ ಹಂಚುವ ಡಿಫರೆನ್ಶಿಯಲ್ಲಿನ ಗೇರ್ ಆಯಿಲ್ ಹೊರಬಂದು ಗ್ರೀಸನ್ನು ತೆಳುಮಾಡಿತ್ತು. ಎಷ್ಟು ಕಾಲ ಆ ಜಾಯಿಂಟು ಹಾಗೆ ನೀರು ನೀರಾದ ಗ್ರೀಸಿನಲ್ಲಿ ಓಡಿತ್ತೋ. ಸೀಲ್ ಬದಲಿಸಿ, ತೊಳೆದು, ಹೊಸ ಗ್ರೀಸ್ ತುಂಬಿ ಅದೇ ಜಾಯಿಂಟನ್ನು ವಾಪಸು ಹಾಕಿದೆ. ಗುಂಡುಗಳ ದಾರಿಯಲ್ಲಿ ಸಣ್ಣ ಸಣ್ಣ ಚುಕ್ಕೆ ಗುಳಿಗಳಿದ್ದವು. ನೋಡಿಯೂ ನೋಡದಂತೆ ಜೋಡಿಸಿದೆ.

ಆಮೇಲೆ ಶುರುವಾಯಿತು ಎತ್ತರಿಸುವ ಹುಚ್ಚು. ಪಾಟಾ ಸ್ಪ್ರಿಂಗಿನ ಗಾಡಿಗಳಲ್ಲಿ ಇದಕ್ಕೊಂದು ಹಳೇ ಉಪಾಯವಿದೆ. ಆಕ್ಸಲ್ಲಿನ ಕೆಳಗೆ ಕಟ್ಟಿದ ಪಾಟಾವನ್ನು ಬಿಚ್ಚಿ ಮೇಲೆ ಕೂರಿಸುವುದು. ಆಕ್ಸಲ್ ಕೊಳವೆಯ ದಪ್ಪ, ಪಾಟಾ ಕಟ್ಟಿನ ದಪ್ಪ ಎರಡೂ ಸೇರಿ ಗಾಡಿ ಒಂದೇ ಏಟಿಗೆ ಐದು ಇಂಚು ಮೇಲೇಳುತ್ತದೆ. ಸ್ಪ್ರಿಂಗೂ ಹಳೆಯದೇ, ಹೊಸದಾಗಿ ಬೇಕಾದದ್ದು ಆಕ್ಸಲ್ ಮೇಲೆ ಬೆಸೆಯುವ ನಾಲ್ಕು ಪೀಠ ಮಾತ್ರ. ಕೇಳಲು ಎಷ್ಟು ಸುಲಭ.

ಕೆಲಸ ಮುಗಿದ ದಿನ ಗಾಡಿ ಅಂಗಳದಲ್ಲಿ ಕುದುರೆಯಂತೆ ನಿಂತಿತ್ತು. ಸುತ್ತ ಸುತ್ತ ನಡೆದು ನೋಡಿದೆ. ನಂತರ ಒಂದೊಂದಾಗಿ ಬಾಕಿ ವಸೂಲಿಗೆ ಬಂದವು. ಆಕ್ಸಲ್ ಮೇಲಿನ ಪಾಟಾಕ್ಕೆ ಎಂಜಿನ್ನಿನ ತಿರುಚುಬಲ ಉದ್ದ ಸನ್ನೆಗೋಲಿನಂತೆ ಸಿಗುತ್ತದೆ. ಏರಿನಲ್ಲಿ ಗ್ಯಾಸ್ ಕೊಟ್ಟ ಕೂಡಲೇ ಪಾಟಾ ಹಾವಿನಂತೆ ಎರಡು ಕಡೆ ಬಾಗಿ, ಡಿಫರೆನ್ಶಿಯಲ್ಲಿನ ಮೂತಿ ಮೇಲಕ್ಕೆದ್ದು, ಬಿಟ್ಟಾಗ ಧಡಕ್ಕೆಂದು ಕೆಳಗಿಳಿಯುತ್ತಿತ್ತು. ಆ ಮೂತಿಗೆ ಎಂಜಿನ್ನಿನ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಯು-ಜಾಯಿಂಟುಗಳ ಕೋನ ಒಂದಕ್ಕೊಂದು ಸಮವಿದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ತಿಂದುಹಾಕುತ್ತದೆ. ಮೂತಿ ಎದ್ದುಬಿದ್ದು ಮಾಡಿದರೆ ಆ ಲೆಕ್ಕ ಕೆಟ್ಟು ಗಾಡಿ ಪೂರ್ತಿ ಗುಂಯ್ಗುಡುತ್ತದೆ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ಸರಳು ಇಳಿಜಾರಾಗಿ, ಪ್ರತಿ ಉಬ್ಬಿಗೂ ಸ್ಟೀರಿಂಗ್ ತಾನೇ ಒಂದು ಕಡೆ ಎಳೆಯತೊಡಗಿತು.

ಇವೆಲ್ಲ ಕಿರಿಕಿರಿ ಅಷ್ಟೆ. ಹೆದರಿಸಿದ್ದು ಬ್ರೇಕ್ ಹೋಸು. ಒಂದು ದಿನ ಸುಮ್ಮನೆ, ಯಾವ ಅನುಮಾನವೂ ಇಲ್ಲದೆ, ಛಾಸಿಗೆ ಜ್ಯಾಕ್ ಕೊಟ್ಟು ಒಂದು ಬದಿ ಎತ್ತಿದೆ. ಆಕ್ಸಲ್ ತನ್ನ ಭಾರಕ್ಕೆ ಕೆಳಗೆ ಜೋತುಬಿತ್ತು. ಅದರ ಪೂರ್ತಿ ಭಾರವನ್ನು ಹೊತ್ತು ತಂತಿಯಂತೆ ಬಿಗಿದು ನಿಂತಿದ್ದದ್ದು ಮುಂದಿನ ಬ್ರೇಕಿನ ರಬ್ಬರ್ ಹೋಸು. ಅಂದರೆ ಅಷ್ಟು ದಿನ, ಪ್ರತಿ ಸಲ ಒಂದು ಚಕ್ರ ಗುಂಡಿಗಿಳಿದಾಗ, ನನ್ನ ಬ್ರೇಕು ಒಂದು ಬೆರಳು ದಪ್ಪದ ರಬ್ಬರಿನಲ್ಲಿ ನೇತಾಡುತ್ತಿತ್ತು. ಮೈ ಬೆವರಿತು. ಈಗ ನಿಲುವಿಗೆ ಸಂಬಂಧಿಸಿದ ಏನನ್ನೇ ಮುಟ್ಟಿದರೂ ಮೊದಲು ಮಾಡುವ ಕೆಲಸ ಅದೇ: ಛಾಸಿಯಿಂದ ಎತ್ತು, ಆಕ್ಸಲ್ ಜೋತುಬೀಳಲಿ, ಸ್ಟೀರಿಂಗನ್ನು ಎಡತುದಿಗೂ ಬಲತುದಿಗೂ ತಿರುಗಿಸಿ ಹೋಸು, ತಂತಿ, ಬ್ರೀದರ್ ಕೊಳವೆ ಎಲ್ಲದರಲ್ಲೂ ಸಡಿಲ ಉಳಿದಿದೆಯೇ ನೋಡು. ಪ್ರೊಪೆಲ್ಲರ್ ಶಾಫ್ಟಿನ ಜಾರುವ ತುದಿ ಒಳಗೆ ಎಷ್ಟು ಉಳಿದಿದೆ ಎಂದೂ ಅಳೆದುಕೋ.

ಇನ್ನು ಈ ಎತ್ತರದಿಂದ ಬಂದ ಲಾಭ ಏನು? ಇಲ್ಲಿ ನನಗೆ ನಾನೇ ಮಾಡಿಕೊಂಡ ಮೋಸವಿದೆ. ಕಲ್ಲು ದಾರಿಯಲ್ಲಿ ಮೊದಲು ತಗಲುವುದು ಗಾಡಿಯ ಹೊಟ್ಟೆಯಲ್ಲ, ಡಿಫರೆನ್ಶಿಯಲ್ಲಿನ ಕುಂಬಳಕಾಯಿಯಂಥ ಉಬ್ಬು. ಅದು ಆಕ್ಸಲ್ಲಿನ ಜೊತೆಗೇ ಇರುತ್ತದೆ. ಮೇಲಿನ ಮೈಯನ್ನು ಎಷ್ಟೇ ಎತ್ತಿದರೂ ಅದು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟಯರು ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ. 26 ಇಂಚಿನ ಟಯರು ತೆಗೆದು 30 ಇಂಚಿನದು ಹಾಕಿದರೆ ಆ ಉಬ್ಬಿನಡಿ ಸಿಗುವುದು ಎರಡೇ ಇಂಚು. ಮೈ ಎತ್ತುವುದರಿಂದ ಸಿಗುವುದು ಆ ಟಯರಿಗೆ ಜಾಗ, ಮುಂದೆ ಹಿಂದೆ ಮತ್ತು ಹೊಟ್ಟೆಯಡಿ ಕಲ್ಲು ತಾಕದ ಕೋನ. ಕೊಡಬೇಕಾದದ್ದು ಸ್ಥಿರತೆ. ಒಂದು ಒರಟು ಲೆಕ್ಕ ಹಾಕಿದೆ. ಎಡಬಲ ಚಕ್ರಗಳ ಅಂತರ 1.3 ಮೀಟರ್, ಗುರುತ್ವ ಕೇಂದ್ರ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಗಾಡಿ ಮಗುಚುವ ಓರೆ ಸುಮಾರು 47 ಡಿಗ್ರಿ. ಕೇಂದ್ರವನ್ನು 12 ಸೆಂಟಿಮೀಟರ್ ಮೇಲೇರಿಸಿದರೆ 42 ಡಿಗ್ರಿ. ಕಾಗದದ ಮೇಲೆ ಐದೇ ಡಿಗ್ರಿ. ಆದರೆ ಕಾಗದದ ಮೇಲೆ ಸ್ಪ್ರಿಂಗು ಒಂದು ಬದಿಗೆ ಕುಸಿಯುವುದಿಲ್ಲ, ಮೇಲಿನ ಚಕ್ರ ಇನ್ನೊಂದು ಕಲ್ಲು ಹತ್ತುವುದಿಲ್ಲ, ಚಾಲಕನ ಎದೆ ಹೊಡೆದುಕೊಳ್ಳುವುದಿಲ್ಲ.

ಆ ಐದು ಇಂಚನ್ನು ಎರಡನೇ ವರ್ಷ ಇಳಿಸಿಬಿಟ್ಟೆ. ಪಾಟಾ ಮತ್ತೆ ಆಕ್ಸಲ್ಲಿನ ಕೆಳಕ್ಕೆ ಹೋಯಿತು, ಸ್ವಲ್ಪ ಹೆಚ್ಚು ಬಾಗಿದ ಹೊಸ ಕಟ್ಟು ಬಂತು, ನಿಲುವು ಮೂಲಕ್ಕಿಂತ ಎರಡಿಂಚು ಮಾತ್ರ ಹೆಚ್ಚು. ಟಯರಿಗೆ ಜಾಗ ಸಾಲದ ಕಡೆ ಮಡ್‌ಗಾರ್ಡನ್ನು ಗ್ರೈಂಡರಿನಲ್ಲಿ ಕತ್ತರಿಸಿದೆ. ತಗಡು ಕತ್ತರಿಸಲು ಮನಸ್ಸು ಬೇಗ ಒಪ್ಪುವುದಿಲ್ಲ. ಮೊದಲ ಕಿಡಿ ಹಾರಿದ ಮೇಲೆ ಒಪ್ಪುತ್ತದೆ. ಮುಂದಿನ ಕಬ್ಬಿಣದ ಬಂಪರನ್ನೂ ಇಳಿಸಿದೆ. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಅದರ ತೂಕಕ್ಕೆ ಮುಂದಿನ ಪಾಟಾ ಸದಾ ಅರ್ಧ ಕುಸಿದೇ ಇರುತ್ತಿತ್ತು. ಅದರ ಜಾಗದಲ್ಲಿ ಛಾಸಿಗೆ ನೇರ ಬೋಲ್ಟಾದ ಎರಡು ಎಳೆಯುವ ಕೊಂಡಿಗಳು, ಒಂದು ತೆಳು ಕೊಳವೆ. ಸಿಕ್ಕಿಬಿದ್ದ ಗಾಡಿಯನ್ನು ಟ್ರೇಲರ್ ಕಟ್ಟುವ ಗುಂಡಿಗೆ ಪಟ್ಟಿ ಹಾಕಿ ಎಳೆಯುವವರನ್ನು ನೋಡಿದರೆ ನಾನು ದೂರ ಓಡುತ್ತೇನೆ. ಆ ಗುಂಡು ಕಿತ್ತು ಬಂದರೆ ಅದು ಫಿರಂಗಿ ಗುಂಡೇ. ಜನ ಸತ್ತಿದ್ದಾರೆ.

ಈ ಎಲ್ಲ ಹಾಕು-ತೆಗೆ ಆಟದಲ್ಲಿ ಒಂದನ್ನು ಮಾತ್ರ ಎಂದೂ ತೆಗೆಯಲಾರೆ. ಗೇರ್‌ಬಾಕ್ಸಿನ ಬಲವನ್ನು ಹಿಂದಿನ, ಮುಂದಿನ ಆಕ್ಸಲ್ಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗಿನ ಗೇರು.

ಕಲ್ಲಿನ ಮೇಲೆ ಬೇಕಾದದ್ದು ನಿಧಾನ. ಎಂಜಿನ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದೇ ಎಲ್ಲ. ನನ್ನ ಗಾಡಿಯ ಮೊದಲ ಗೇರು 3.65, ಟ್ರಾನ್ಸ್‌ಫರ್ ಕೇಸಿನ ಲೋ ರೇಷಿಯೋ, ಅಂದರೆ ನಿಧಾನದ ಗೇರು, 2.27, ಡಿಫರೆನ್ಶಿಯಲ್ 3.73. ಮೂರನ್ನೂ ಗುಣಿಸಿದರೆ ಸುಮಾರು 31. ಎಂಜಿನ್ನನ್ನು ನಿಮಿಷಕ್ಕೆ 800 ಸುತ್ತಿನ ಐಡಲ್‌ನಲ್ಲಿ ಬಿಟ್ಟರೆ, 30 ಇಂಚಿನ ಟಯರಿನ ಮೇಲೆ ಗಾಡಿ ಗಂಟೆಗೆ ಸುಮಾರು 3.7 ಕಿಲೋಮೀಟರ್ ಹೋಗುತ್ತದೆ. ಇದು ನಡಿಗೆಗಿಂತ ನಿಧಾನವೇ, ಆದರೆ ಬಂಡೆಯ ತುದಿಯಿಂದ ಇಳಿಯುವಾಗ ಆ ವೇಗವೂ ಬೀಳುವುದಕ್ಕೆ ಸಮ. ಕ್ಲಚ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕ್ಲಚ್ ಪ್ಲೇಟು ಸುಟ್ಟ ವಾಸನೆಯೊಂದಿಗೇ ಮನೆಗೆ ಬರುತ್ತಿದ್ದೆ. 2.27ರ ಬದಲು 4.16ರ ಗೇರು ಜೋಡಿ ಹಾಕಿದ ಮೇಲೆ ಗುಣಲಬ್ಧ 57 ಆಯಿತು, ಐಡಲ್ ವೇಗ ಗಂಟೆಗೆ ಎರಡು ಕಿಲೋಮೀಟರಿಗೆ ಇಳಿಯಿತು. ಕಾಲು ಎರಡೂ ಪೆಡಲಿನಿಂದ ತೆಗೆದು ಕಿಟಕಿಯಾಚೆ ಕತ್ತು ಹಾಕಿ ಮುಂಚಕ್ರ ಎಲ್ಲಿ ಕೂರುತ್ತದೆ ಎಂದು ನೋಡುತ್ತ ಇಳಿಯಬಹುದು. 2003ರಲ್ಲಿ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಮಾದರಿ ಬಂದಾಗ ಕಾರ್ಖಾನೆಯಿಂದಲೇ 4:1ರ ಲೋ ರೇಷಿಯೋ ಕೊಟ್ಟಿದ್ದರು. ಯಾಕೆಂದು ಆಗ ತಿಳಿದಿರಲಿಲ್ಲ.

ಹಾಗಂತ 1941ರ ವಿಲ್ಲಿಸ್ ಎಂಬಿ ಜೀಪಿನ ಲೆಕ್ಕ ತೆಗೆದರೆ ತಲೆ ತಗ್ಗುತ್ತದೆ. 60 ಅಶ್ವಶಕ್ತಿ, 80 ಇಂಚಿನ ವೀಲ್‌ಬೇಸ್, ಮೂರೇ ಗೇರು, ಗುಣಲಬ್ಧ 26ರ ಆಸುಪಾಸು, ಸಣಕಲು ಟಯರು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ರೂಬಿಕಾನ್ ದಾರಿಯನ್ನು 1953ರಲ್ಲಿ ಜೀಪುಗಳ ಮೊದಲ ಜಾಂಬೊರಿ, ಅಂದರೆ ಸಾಮೂಹಿಕ ಯಾತ್ರೆ, ದಾಟಿದ್ದು ಆ ಕಾಲದ ಇಂಥ ಪುಟ್ಟ ಗಾಡಿಗಳಲ್ಲೇ. ಅವರ ಬಳಿ ಲಾಕರ್ ಇರಲಿಲ್ಲ, ಸಿಕ್ಕಿಬಿದ್ದ ಗಾಡಿ ಎಳೆಯಲು ಸಿಂಥೆಟಿಕ್ ಹಗ್ಗದ ವಿಂಚ್ ಇರಲಿಲ್ಲ. ಕಲ್ಲು ಪೇರಿಸಲು ಕೈ ಇತ್ತು, ತಳ್ಳಲು ಜನ ಇದ್ದರು.

ಲಾಕರ್ ಅಂದೆನಲ್ಲ, ಅದರ ಕಥೆ ಹೇಳದೆ ಮುರಿದ ಜಾಯಿಂಟಿನ ಕಥೆ ಪೂರ್ತಿಯಾಗದು. ಸಾಮಾನ್ಯ ಡಿಫರೆನ್ಶಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲ ಕೊಡುತ್ತದೆ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಸೊನ್ನೆಗೆ ಹತ್ತಿರ, ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೆ ಸಿಗುವುದೂ ಅಷ್ಟೇ. ನಾಲ್ಕು ಚಕ್ರದ ಎಳೆತ ಎಂದು ಹೆಸರು, ಕಲ್ಲಿನ ಮೇಲೆ ಕರ್ಣಕ್ಕೆ ಎರಡು ಚಕ್ರ ಎದ್ದರೆ ಎಳೆಯುವವರು ಯಾರೂ ಇಲ್ಲ. ಲಾಕರ್ ಎರಡು ಶಾಫ್ಟುಗಳನ್ನು ಒಂದೇ ಸರಳಿನಂತೆ ಬಂಧಿಸುತ್ತದೆ. ಹಿಂದೆ ಒಂದು ಹಾಕಿದೆ, ಗಾಡಿಯ ಗುಣವೇ ಬದಲಾಯಿತು. ಸಾಕಾಗಿತ್ತು. ಆಸೆಗೆ ಬಿದ್ದು ಮುಂದೆಯೂ ಹಾಕಿದೆ.

ಈಗ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ತಿರುಚುಬಲವನ್ನು ಹೆಚ್ಚೂ ಕಡಿಮೆ ದುಪ್ಪಟ್ಟು ಮಾಡುವ ಗೇರು. ದೊಡ್ಡ, ಭಾರದ, ಕಲ್ಲನ್ನು ಬಿಡದೆ ಹಿಡಿಯುವ ಟಯರು. ಮುಂದಿನ ಅಷ್ಟೂ ಬಲವನ್ನು ಸಿಕ್ಕಿಕೊಂಡ ಒಂದೇ ಚಕ್ರಕ್ಕೆ ಸುರಿಯಬಲ್ಲ ಲಾಕರ್. ಇವೆಲ್ಲದರ ನಡುವೆ, 26 ಇಂಚಿನ ಟಯರಿಗೆಂದು ಲೆಕ್ಕ ಹಾಕಿದ, ತೆಳು ಗ್ರೀಸಿನಲ್ಲಿ ಎಷ್ಟೋ ಕಾಲ ಸವೆದ, ಗುಳಿಬಿದ್ದ ಒಂದು ಪುಟ್ಟ ಬಟ್ಟಲು. ಅದು ಮುರಿದದ್ದರಲ್ಲಿ ಆಶ್ಚರ್ಯವಿಲ್ಲ, ಅಷ್ಟು ದಿನ ತಾಳಿದ್ದೇ ದೊಡ್ಡದು.

ಹಾಗಾದರೆ ಗಟ್ಟಿ ಮಿಶ್ರಲೋಹದ ಜಾಯಿಂಟು ಹಾಕಿದರಾಯಿತು. ಸಿಗುತ್ತದೆ, ತರಿಸುವುದರಲ್ಲೂ ಇದ್ದೆ. ಪಟ್ಟಿ ಬರೆಯಲು ಕೂತಾಗ ಕೈ ನಿಂತಿತು. ಜಾಯಿಂಟು ಮುರಿಯದಿದ್ದರೆ ಅದೇ ಬಲ ಮುಂದಿನದಕ್ಕೆ ಹೋಗುತ್ತದೆ. ಮುಂದಿನದು ಶಾಫ್ಟಿನ ತುದಿಯ ಉದ್ದುದ್ದ ಹಲ್ಲುಗಳು. ಅದೂ ಗಟ್ಟಿ ಹಾಕಿದರೆ ಅದರಾಚೆ ಡಿಫರೆನ್ಶಿಯಲ್ಲಿನ ದೊಡ್ಡ, ಚಿಕ್ಕ ಹಲ್ಲುಚಕ್ರಗಳಾದ ಕ್ರೌನ್ ಮತ್ತು ಪಿನಿಯನ್. ಪಿನಿಯನ್ ಹಲ್ಲು ಮುರಿದರೆ ಬೆಟ್ಟದ ಮೇಲೆ ಮಾಡುವುದೇನಿದೆ? ಇಡೀ ಆಕ್ಸಲ್ ಬಿಚ್ಚಬೇಕು. ಹೊಸ ಕ್ರೌನ್ ಕೂರಿಸುವುದೆಂದರೆ ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಸಡಿಲವನ್ನು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಹೊಂದಿಸುವ, ಬಣ್ಣ ಬಳಿದು ಹಲ್ಲಿನ ಗುರುತು ಓದುವ ಕೆಲಸ. ಅದು ಶುಚಿಯಾದ ಮೇಜಿನ ಮೇಲೆ, ಶಾಂತ ಮನಸ್ಸಿನಲ್ಲಿ ಆಗಬೇಕಾದದ್ದು. ಕಲ್ಲಿನ ಮೇಲೆ ಮಲಗಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಆಗುವುದಲ್ಲ. ಜಾಯಿಂಟಾದರೋ ಅವತ್ತು ನಾನೇ ಬಿಚ್ಚಿದ್ದೆ, ಸಾಮಾನ್ಯ ಸ್ಪ್ಯಾನರುಗಳಲ್ಲಿ.

ಮನೆಯ ಕರೆಂಟಿನ ಫ್ಯೂಸು ನೆನಪಾಯಿತು. ಅದು ಸುಡುವುದಕ್ಕೆಂದೇ ಇರುವ ತಂತಿ. ಪದೇ ಪದೇ ಹೋಗುತ್ತದೆಂದು ಅಲ್ಲಿ ದಪ್ಪ ತಂತಿ ಕಟ್ಟಿದರೆ ಗೋಡೆಯೊಳಗಿನ ವೈರು ಸುಡುತ್ತದೆ. ಕೈಯಲ್ಲಿ ನಡೆಸುವ ಎಷ್ಟೋ ವಿಂಚುಗಳಲ್ಲೂ ಭಾರ ಮೀರಿದರೆ ಕತ್ತರಿಸಿಕೊಳ್ಳುವ ಪುಟ್ಟ ಪಿನ್ನುಗಳಿರುತ್ತವೆ. ಬದಲಿ ಪಿನ್ನುಗಳನ್ನು ಹಿಡಿಕೆಯೊಳಗೇ ಇಟ್ಟು ಕೊಡುತ್ತಾರೆ. ಮುರಿಯುವ ಜಾಗ ಯಾವುದೆಂದು ಮೊದಲೇ ನಿರ್ಧರಿಸಿ, ಅದರ ಪಕ್ಕದಲ್ಲೇ ಬದಲಿಯನ್ನೂ ಇಟ್ಟವರ ಜಾಣತನ ನೋಡಿ ನಾಚಿಕೆಯಾಯಿತು.

ನಾನು ತರಿಸಿದ್ದು ಮಾಮೂಲಿ ಜಾಯಿಂಟಿನ ಎರಡು ಬದಲಿ ಶಾಫ್ಟು. ಎಡದ್ದೊಂದು, ಬಲದ್ದೊಂದು, ಏಕೆಂದರೆ ಡಿಫರೆನ್ಶಿಯಲ್ ನಟ್ಟನಡುವೆ ಇಲ್ಲದ್ದರಿಂದ ಉದ್ದ ಬೇರೆ ಬೇರೆ. ಎರಡಕ್ಕೂ ಗ್ರೀಸ್ ತುಂಬಿ, ಹಳೇ ಪಿವಿಸಿ ಪೈಪಿನೊಳಗೆ ತೂರಿಸಿ, ಬಾಯಿಗೆ ಬಟ್ಟೆ ಕಟ್ಟಿ ಸೀಟಿನ ಹಿಂದೆ ಮಲಗಿಸಿದೆ. ಸೀಲುಗಳು, ಹಬ್ ನಟ್ಟಿನ ಪಾನಾ, ಸರ್ಕ್ಲಿಪ್ ಇಕ್ಕಳ, ಆಯಸ್ಕಾಂತ ಒಂದು ಚೀಲದಲ್ಲಿ. ಮುಂದಿನ ಲಾಕರನ್ನು ತೆಗೆದು ಮಾಮೂಲಿ ಡಿಫರೆನ್ಶಿಯಲ್ ವಾಪಸು ಹಾಕಿದೆ. ಗೆಳೆಯರು ನಕ್ಕರು. ಹಿಂದಕ್ಕೆ ಹೋಗುತ್ತಿದ್ದೀಯ ಎಂದರು. ಹೌದು, ಹೋಗುತ್ತಿದ್ದೆ.

ಅಷ್ಟಾದ ಮೇಲೆ ಗಾಡಿಯನ್ನು ನೋಡುವ ಕಣ್ಣೇ ಬದಲಾಯಿತು. ಏನು ಸೇರಿಸಲಿ ಎನ್ನುವ ಬದಲು ಎಲ್ಲಿ ಸೋಲುತ್ತಿದೆ ಎಂದು ಹುಡುಕುವ ಕಣ್ಣು. ಸುತ್ತಿಗೆ ಹಿಡಿದು ಛಾಸಿಯುದ್ದಕ್ಕೂ ತಟ್ಟುತ್ತ ಹೋದೆ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ದಬ್ ಎನ್ನುತ್ತದೆ. ಹಿಂದಿನ ಪಾಟಾ ಶ್ಯಾಕಲ್ ಕೂರುವ ಜಾಗದ ಮೇಲೆ ದಬ್ ಎಂದಿತು. ಬಣ್ಣ ಕೆರೆದರೆ ಕೆಳಗೆ ಹಾಳೆ ಹಾಳೆಯಾಗಿ ಏಳುವ ಕಂದು ಪುಡಿ. ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ಕಳಚಿ, ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ, ಮೂರು ಮಿಲಿಮೀಟರ್ ತಗಡು ಬೆಸೆದದ್ದಾಯಿತು. ಆ ತಗಡನ್ನು ಚೌಕವಾಗಿ ಕತ್ತರಿಸಬಾರದು. ಚೌಕದ ನೆಟ್ಟನೆಯ ಬೆಸುಗೆ ಗೆರೆ ಛಾಸಿಗೆ ಅಡ್ಡಲಾಗಿ ಬಿದ್ದರೆ ಬಾಗುವ ಒತ್ತಡವೆಲ್ಲ ಅದೇ ಗೆರೆಯ ಮೇಲೆ ಬಂದು, ಅಲ್ಲೇ ಹೊಸ ಬಿರುಕು ಹುಟ್ಟುತ್ತದೆ. ವಜ್ರದಂತೆ ಮೊನೆಯಾಗಿಸಿದರೆ ಒತ್ತಡ ಹಂಚಿಹೋಗುತ್ತದೆ. ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಬೇಕು, ಇಲ್ಲವಾದರೆ ಕರೆಂಟು ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ. ಇಷ್ಟೆಲ್ಲ ತಿಳಿದುಕೊಂಡು ನಾನೇ ಹಾಕಿದ ಬೆಸುಗೆ ಕಾಗೆ ಹಿಕ್ಕೆಯಂತೆ ಕಂಡಿತು. ಕೆರೆದು, ಕೈ ಪಳಗಿದವರಿಂದ ಮತ್ತೆ ಹಾಕಿಸಿದೆ. ಎಲ್ಲವನ್ನೂ ನಾನೇ ಮಾಡಬೇಕೆಂಬ ಹಟ ಸ್ಟೀರಿಂಗ್, ಬ್ರೇಕು, ಛಾಸಿಯ ವಿಷಯದಲ್ಲಿ ಒಳ್ಳೆಯದಲ್ಲ.

ಕಾರ್ಬುರೇಟರಿನದು ಬೇರೆಯೇ ತಕರಾರು. ಅದರೊಳಗಿನ ಬಟ್ಟಲಲ್ಲಿ ಪೆಟ್ರೋಲ್ ಒಂದು ಮಟ್ಟಕ್ಕೆ ನಿಂತಿರಬೇಕು, ತೇಲುವ ಫ್ಲೋಟ್ ಆ ಮಟ್ಟ ಕಾಯುತ್ತದೆ. ಗಾಡಿ ಮೂತಿ ಎತ್ತಿ ನಿಂತರೆ ಬಟ್ಟಲೂ ಓರೆ, ಪೆಟ್ರೋಲ್ ಒಂದು ಮೂಲೆಗೆ, ಎಂಜಿನ್ ಒಂದೋ ಉಸಿರುಗಟ್ಟುತ್ತದೆ, ಇಲ್ಲವೇ ಹಸಿದು ನಿಲ್ಲುತ್ತದೆ. ಅದೂ ಎಲ್ಲಿ ನಿಲ್ಲಬಾರದೋ ಅಲ್ಲೇ. ಫ್ಲೋಟ್ ಮಟ್ಟವನ್ನು ಚೂರು ಇಳಿಸಿ, ಗಾಳಿ ಕೊಳವೆಯ ಬಾಯನ್ನು ಎತ್ತರಕ್ಕೆ ಒಯ್ದು ಅರ್ಧ ಗೆದ್ದಿದ್ದೇನೆ. ಉಳಿದರ್ಧಕ್ಕೆ ಒಂದು ಹಳೇ ಚಮತ್ಕಾರವಿದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚು ಇಂಥ ಮುದಿ ಗಾಡಿಗಳಲ್ಲಿ ಇರುವುದಿಲ್ಲ. ಕಡಿದಾದ ಏರಿನಲ್ಲಿ ಎಂಜಿನ್ ನಿಂತರೆ ಬ್ರೇಕಿನ ಮೇಲೆ ಕಾಲಿಟ್ಟು, ಲೋ ರೇಷಿಯೋ ಮೊದಲ ಗೇರಿನಲ್ಲೇ ಬಿಟ್ಟು, ಕ್ಲಚ್ ಮುಟ್ಟದೆ ಕೀಲಿ ತಿರುಗಿಸಿ ಬ್ರೇಕು ಸಡಿಲಿಸಬೇಕು. ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಇಂಚಿಂಚಾಗಿ ಮೇಲೆಳೆಯುತ್ತದೆ, ಅಷ್ಟರಲ್ಲಿ ಎಂಜಿನ್ ಹತ್ತಿಕೊಳ್ಳುತ್ತದೆ. ಹಿಂದಕ್ಕೆ ಒಂದು ಗೇಣೂ ಜಾರುವುದಿಲ್ಲ. ಮೊದಲ ಸಲ ಇದು ಫಲಿಸಿದಾಗ ಒಬ್ಬನೇ ಕೂತು ಜೋರಾಗಿ ನಕ್ಕಿದ್ದೆ.

ಟಯರಿನ ಗಾಳಿ ಇಳಿಸುವುದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಡಾಂಬರಿನ ಮೇಲೆ 28 ಪಿಎಸ್‌ಐ ಇಟ್ಟರೆ ಕಲ್ಲಿನ ಮೇಲೆ 14. ರಬ್ಬರು ಉದ್ದಕ್ಕೆ ಚಪ್ಪಟೆಯಾಗಿ ಕಲ್ಲಿನ ಮೈಯನ್ನು ಅಪ್ಪುತ್ತದೆ. ನಾನು ಇದುವರೆಗೆ ಬೋಲ್ಟು ಹಾಕಿ ಬಿಗಿದ ಹತ್ತಾರು ವಸ್ತುಗಳಿಗಿಂತ ಈ ಪುಸ್ ಎನ್ನುವ ಸದ್ದು ಹೆಚ್ಚು ಕೆಲಸ ಮಾಡಿದೆ. ವಾಪಸು ಗಾಳಿ ತುಂಬುವ ಯಂತ್ರ ಮಾತ್ರ ಜೊತೆಗಿರಲಿ.

ಕಳೆದ ಮಳೆಗಾಲ ಮುಗಿದ ಮೇಲೆ ಮತ್ತೆ ಅಂಥದ್ದೇ ಒಂದು ಬಂಡೆ ಮೆಟ್ಟಿಲು. ಮುಂದೆ ನಿಂತು ದಾರಿ ತೋರಿಸುತ್ತಿದ್ದವರು ಬಲಕ್ಕೆ, ಇನ್ನೂ ಬಲಕ್ಕೆ ಎಂದು ಕೈಸನ್ನೆ ಮಾಡುತ್ತಿದ್ದರು. ಕಲ್ಲನ್ನು ಎರಡು ಚಕ್ರದ ನಡುವೆ ಬಿಡದೆ ಚಕ್ರದ ಮೇಲೆಯೇ ತೆಗೆದುಕೊಳ್ಳಬೇಕಿತ್ತು. ನಾನು ಅವಸರ ಮಾಡಿದೆ. ಎಡಕ್ಕೆ ಹೊರಳಿಸಿ, ಪೂರ್ತಿ ತಿರುಗಿದ ಸ್ಟೀರಿಂಗಿನಲ್ಲೇ ಗ್ಯಾಸ್ ಕೊಟ್ಟೆ. ಸೌದೆ ಮುರಿದ ಸದ್ದು.

ಈ ಸಲ ಯಾರೂ ಮಾತಾಡಲಿಲ್ಲ. ಟಾರ್ಪಾಲು ಹಾಸಿದೆ, ಗಾಡಿಗೆ ಸ್ಟ್ಯಾಂಡ್ ಕೊಟ್ಟೆ, ನಟ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಶಾಫ್ಟು ಹೊರಬಂದಾಗ ಗ್ರೀಸ್ ಗಟ್ಟಿಯಾಗಿಯೇ ಇತ್ತು, ಬಣ್ಣ ಕೆಟ್ಟಿರಲಿಲ್ಲ. ಸೀಲು ಸರಿಯಾಗಿತ್ತು ಎಂದಾಯಿತು. ಅಂದರೆ ತಪ್ಪು ಪೂರ್ತಿ ನನ್ನ ಬಲಗಾಲಿನದು. ತುಂಡುಗಳನ್ನು ಎಣಿಸಿದೆ, ಗುಂಡುಗಳು ಆರೂ ಸಿಕ್ಕವು. ಪಿವಿಸಿ ಪೈಪಿನಿಂದ ಹೊಸ ಶಾಫ್ಟು ಎಳೆದು, ಸೀಲಿನ ತುಟಿಗೆ ತಾಗದಂತೆ ಮೆಲ್ಲಗೆ ಒಳಗೆ ತೂರಿಸಿದೆ. ಶಾಫ್ಟಿನ ಹಲ್ಲುಗಳು ಕೂತ ಸಣ್ಣ ಸದ್ದು ಬಂತು. ಗೆಳೆಯರೊಬ್ಬರು ಗಡಿಯಾರ ನೋಡಿ ಒಂದೂವರೆ ಗಂಟೆ ಎಂದರು. ಚಕ್ರದ ನಟ್ಟುಗಳಿಗೆ ಬಿಳಿ ಬಣ್ಣದ ಗೆರೆ ಎಳೆದೆ, ಸಡಿಲವಾದರೆ ಕಣ್ಣಿಗೆ ಕಾಣಲಿ ಎಂದು. ಮತ್ತೆ ಅದೇ ಬಂಡೆ, ಈ ಸಲ ಬಲಕ್ಕೆ. ಗಾಡಿ ಐಡಲ್‌ನಲ್ಲೇ, ಗೊಣಗುತ್ತ, ಹತ್ತಿತು.

ಪೈಪಿನಲ್ಲಿ ಈಗ ಬಲಗಡೆಯ ಶಾಫ್ಟು ಮಾತ್ರ ಉಳಿದಿದೆ. ಎಡಗಡೆಯದೊಂದು ತರಿಸಬೇಕು.